ಅಪ್ಪನ ಹಲ್ಲುನೋವು, ತಂಗಿಯ ಸೀಟು

"ಅಯ್ಯೋ, ಎಂಬಿಬಿಎಸ್ ಸಿಗಲಿಲ್ವಾ?"

2023ರ ಜೂನ್‌ನಲ್ಲಿ ನೀಟ್ ಫಲಿತಾಂಶ ಬಂದ ಮೇಲೆ ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದು ಇದೊಂದೇ ಪ್ರಶ್ನೆ. ತಂಗಿ ಡೆಂಟಲ್ ಓದ್ತೀನಿ ಅಂದ ತಕ್ಷಣ ಎದುರಿಗಿದ್ದವರ ಮುಖದಲ್ಲಿ ಒಂಥರಾ ಅನುಕಂಪ. ಹುಡುಗಿಗೆ ಮದುವೆ ಮುರಿದುಬಿದ್ದಿದೆಯೇನೋ ಅನ್ನೋ ಹಾಗೆ ಸಮಾಧಾನ ಬೇರೆ. "ಹೋಗ್ಲಿ ಬುಡವ್ವ, ಅದೂ ಡಾಕ್ಟ್ರೇ ತಾನೆ."

ಅವಳ ರ‍್ಯಾಂಕಿಗೆ ಸರ್ಕಾರಿ ಎಂಬಿಬಿಎಸ್ ಸೀಟು ಸಿಗುತ್ತಿರಲಿಲ್ಲ ಅನ್ನೋದು ನಿಜ. ಆದರೆ ಅವಳು ಡೆಂಟಲ್ ಅಂತ ಹೇಳೋಕೆ ಶುರು ಮಾಡಿದ್ದು ನೀಟ್ ಬರೆದ ಮೇಲಲ್ಲ, ಏಳನೇ ಕ್ಲಾಸಿನಲ್ಲಿ. ಅದಕ್ಕೆ ಕಾರಣ ನಮ್ಮಜ್ಜಿ.

ಅಜ್ಜಿಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಇಲ್ಲದಿದ್ದರೆ ದಿನ ಶುರುವಾಗುತ್ತಿರಲಿಲ್ಲ. ನಮ್ಮ ಕಡೆ ಹೊಲಕ್ಕೆ ಹೋಗೋ ಹೆಂಗಸರ ಸೊಂಟದಲ್ಲಿ ಎಲೆ ಅಡಿಕೆ ಚೀಲ ಇದ್ದೇ ಇರುತ್ತಿತ್ತು. ಒಂದು ದಿನ ಅಜ್ಜಿ ಖಾರ ತಿಂದರೆ ಬಾಯಿ ಉರಿಯುತ್ತೆ ಅಂದಳು. ನಾವು ಲವಂಗ ಕೊಟ್ಟೆವು. ಆಮೇಲೆ ಕೆನ್ನೆಯ ಒಳಗೆ ಬೆಳ್ಳಗೆ ಏನೋ ಆಗಿದೆ ಅಂದಳು. ಸುಣ್ಣ ಜಾಸ್ತಿ ಆಗಿರಬೇಕು ಅಂದೆವು. ಅದು ವಾಸಿಯಾಗದ ಹುಣ್ಣಾಗಿ, ಬಾಯಿ ಎರಡು ಬೆರಳಿನಷ್ಟೂ ತೆರೆಯೋಕೆ ಆಗದೇ ಹೋದಾಗ ಮೈಸೂರಿಗೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ಕಾಲ ಮಿಂಚಿತ್ತು. ಅಲ್ಲಿನ ಡಾಕ್ಟರ್ ಬೈಯಲಿಲ್ಲ. "ಆ ಬಿಳಿ ಮಚ್ಚೆ ಇದ್ದಾಗಲೇ ಯಾರಾದರೂ ಹಲ್ಲಿನ ಡಾಕ್ಟರಿಗೆ ತೋರಿಸಿದ್ದರೆ..." ಅಂತ ಅರ್ಧಕ್ಕೇ ನಿಲ್ಲಿಸಿದರು. ಆಗ ನನ್ನ ಪಕ್ಕ ತಂಗಿ ನಿಂತಿದ್ದಳು. ಅವಳಿಗೆ ಹನ್ನೆರಡು ವರ್ಷ. ಆ ವಾಕ್ಯದ ಉಳಿದರ್ಧವನ್ನು ಅವಳು ತನಗೆ ತಾನೇ ಪೂರ್ತಿ ಮಾಡಿಕೊಂಡಳು ಅಂತ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು. ಹಾಗಾಗಿ "ಕಾಲೇಜು ವಿಷಯ ಎಲ್ಲ ಅವನಿಗೇ ಗೊತ್ತು" ಅಂತ ಅಪ್ಪ ಅವ್ವ ಇಬ್ಬರೂ ನನ್ನ ಮೇಲೆ ಹಾಕಿಬಿಟ್ಟರು. ನನಗೂ ಅದೇ ಭ್ರಮೆ ಇತ್ತು ಅನ್ನಿ. ಮೊದಲು ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಸೇರಿ ಮತ್ತೆ ನೀಟ್ ಬರಿ ಅಂತ ವಾದ ಮಾಡಿದೆ. ಅವಳು ಒಪ್ಪಲಿಲ್ಲ. ಸರಿ, ಡೆಂಟಲ್ಲೇ ಆಗಲಿ ಅಂತ ಲ್ಯಾಪ್‌ಟಾಪ್ ತೆಗೆದು ಒಂದು ಎಕ್ಸೆಲ್ ಶೀಟ್ ಮಾಡಿದೆ. ಕಾಲೇಜಿನ ಹೆಸರು, ಫೀಸು, ಹಾಸ್ಟೆಲ್, ದೂರ, ಕಳೆದ ವರ್ಷದ ಕಟಾಫ್, ಗೂಗಲ್ ರೇಟಿಂಗ್. ಪ್ರತಿ ಕಾಲಂಗೂ ಇಷ್ಟಿಷ್ಟು ಅಂಕ. ನೋಡೋಕೆ ಬಹಳ ಚೆನ್ನಾಗಿತ್ತು.

ನಮ್ಮ ಚಾಮರಾಜನಗರ ಜಿಲ್ಲೆಯಾಗಿದ್ದು 1997ರಲ್ಲಿ. 2016ರಲ್ಲಿ ಯಡಪುರದ ಹತ್ತಿರ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಆದರೆ ಡೆಂಟಲ್ ಓದಬೇಕಾದರೆ ಜಿಲ್ಲೆ ದಾಟಲೇಬೇಕು. ಹತ್ತಿರ ಅಂದರೆ ಮೈಸೂರು, ಗುಂಡ್ಲುಪೇಟೆಯಿಂದ ಅರುವತ್ತು ಕಿಲೋಮೀಟರ್. ಅಲ್ಲಿನ ಜೆಎಸ್‌ಎಸ್ ಡೆಂಟಲ್ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಡೀಮ್ಡ್ ಸೀಟುಗಳ ಕೌನ್ಸೆಲಿಂಗ್ ನಮ್ಮ ಕೆಇಎ ನಡೆಸುವುದಿಲ್ಲ, ದೆಹಲಿಯ ಎಂಸಿಸಿ ನಡೆಸುತ್ತದೆ. ಅದಕ್ಕೆ ನೋಂದಾಯಿಸುವಾಗ ಭದ್ರತಾ ಠೇವಣಿಯೇ 2 ಲಕ್ಷ ಕಟ್ಟಬೇಕಿತ್ತು. ವಾಪಸ್ ಬರುವ ದುಡ್ಡೇ ಆದರೂ ಆ ತಿಂಗಳು ನಮ್ಮ ಹತ್ತಿರ ಇರಬೇಕಲ್ಲ. ಅಪ್ಪನದು ಮೂರು ಎಕರೆ, ಅರಿಶಿನ ಮತ್ತು ಸಾಂಬಾರ್ ಈರುಳ್ಳಿ. ತೆರಕಣಾಂಬಿ ಮಾರ್ಕೆಟ್‌ನಲ್ಲಿ ಅವತ್ತಿನ ರೇಟು ಏನೋ ಅದೇ ನಮ್ಮ ಬಜೆಟ್ಟು.

ಸರ್ಕಾರಿ ಕಾಲೇಜು ಅಂದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಇರೋದು, 1958ರಿಂದ ನಡೀತಾ ಇದೆ. ಬಳ್ಳಾರಿಯಲ್ಲೂ ಒಂದಿದೆ. ಬೆಂಗಳೂರಿನದು ಎಲ್ಲರ ಮೊದಲ ಆಯ್ಕೆ, ಸೀಟು ಬೇಗ ಮುಗಿಯುತ್ತದೆ. ಉಳಿದದ್ದು ಖಾಸಗಿ ಕಾಲೇಜುಗಳಲ್ಲಿರುವ ಸರ್ಕಾರಿ ಕೋಟಾ. ಅದೇ ಕಾಲೇಜಿನ ಅದೇ ಬೆಂಚು, ಆದರೆ ಸರ್ಕಾರಿ ಕೋಟಾ ಮತ್ತು ಖಾಸಗಿ ಕೋಟಾ ನಡುವೆ ಫೀಸಿನಲ್ಲಿ ಲಕ್ಷಗಳ ವ್ಯತ್ಯಾಸ.

ನಮಗೆ ಒಂದು ಅನುಕೂಲ ಇತ್ತು. ತಂಗಿ ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂ. ಟೌನಿನ ಶಾಲೆಯಾದ್ದರಿಂದ ಗ್ರಾಮೀಣ ಕೋಟಾ ಇಲ್ಲ, ಆದರೆ ಕನ್ನಡ ಮಾಧ್ಯಮದವರಿಗೆ ಇರುವ ಶೇ. 5 ಮೀಸಲಾತಿ ಸಿಗುತ್ತದೆ. ಅದಕ್ಕೆ ಬಿಇಒ ಸಹಿ ಮಾಡಿದ ಸರ್ಟಿಫಿಕೇಟ್ ಬೇಕು. ಪಿಯುಸಿ ಅವಳು ಓದಿದ್ದು ಚಾಮರಾಜನಗರದಲ್ಲಿ, ದೊಡ್ಡವ್ವನ ಮನೆಯಲ್ಲಿದ್ದುಕೊಂಡು. ವ್ಯಾಸಂಗ ಪ್ರಮಾಣಪತ್ರಕ್ಕೆ ಅಪ್ಪ, ನಾನು ಬಸ್ಸಿನಲ್ಲಿ ಹೋಗುವಾಗ ಅಪ್ಪ ನಗುತ್ತಾ, "ಇಲ್ಲಿಗ್ ಬಂದ್ರೆ ಸೀಟ್ ಹೋಯ್ತದೆ ಅಂತ ಮುಖ್ಯಮಂತ್ರಿಗಳೇ ಹೆದರ್ಕತಿದ್ರು, ನಾವ್ ಸೀಟ್ ತಕ್ಕಳಕ್ಕೆ ಹೋಯ್ತಾ ಇವಿ ನೋಡು" ಅಂದರು. ಮುಖ್ಯಮಂತ್ರಿಗಳ ಆ ಭಯ ಸಿದ್ದರಾಮಯ್ಯನವರು ಹಲವು ಸಲ ಬಂದು ಹೋದ ಮೇಲೆ ಎಷ್ಟೋ ಕಮ್ಮಿಯಾಗಿದೆ. ಅಪ್ಪನ ಜೋಕು ಮಾತ್ರ ಹಾಗೇ ಉಳಿದಿದೆ.

ಈಗ ನನ್ನ ತಪ್ಪಿಗೆ ಬರ್ತೀನಿ.

ನನ್ನ ಎಕ್ಸೆಲ್ ಶೀಟಿನಲ್ಲಿ ಮೇಲೆ ಬಂದಿದ್ದು ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಕಾಲೇಜು. ಗಾಜಿನ ಕಟ್ಟಡ, ಎಸಿ ಲೈಬ್ರರಿ, ವೆಬ್‌ಸೈಟ್ ಝಗಮಗ. ಮುಖ್ಯವಾಗಿ ನನ್ನ ಬಾಡಿಗೆ ಮನೆಯಿಂದ ಅರ್ಧ ಗಂಟೆ. ತಂಗಿ ನನ್ನ ಜೊತೆ ಇದ್ದರೆ ಹಾಸ್ಟೆಲ್ ಖರ್ಚಿಲ್ಲ, ಅವ್ವನಿಗೂ ನೆಮ್ಮದಿ. ಲಾಗಿನ್ ಪಾಸ್‌ವರ್ಡ್ ನನ್ನ ಹತ್ತಿರವೇ ಇತ್ತು. ಒಂದು ರಾತ್ರಿ ಆಫೀಸ್ ಕೆಲಸ ಮುಗಿಸಿ ಕೆಇಎ ಪೋರ್ಟಲ್‌ನಲ್ಲಿ ಆಪ್ಷನ್ ಎಂಟ್ರಿ ಮಾಡಿಬಿಟ್ಟೆ. ಮೊದಲು ಬೆಂಗಳೂರು ಸರ್ಕಾರಿ ಕಾಲೇಜು, ಎರಡನೆಯದು ಈ ಗಾಜಿನ ಕಟ್ಟಡ. ಆಮೇಲೆ ಉಳಿದವು. ಅವಳನ್ನು ಕೇಳಲಿಲ್ಲ. "ಹಾಕಿದ್ದೀನಿ, ಚಿಂತೆ ಬೇಡ" ಅಂತ ವಾಟ್ಸಾಪ್ ಮಾಡಿದೆ. ಅವಳು "ಸರಿ ಅಣ್ಣ" ಅಂದಳು.

ಅಣಕು ಹಂಚಿಕೆಯಲ್ಲಿ, ಅಂದರೆ ಮಾಕ್ ಅಲಾಟ್‌ಮೆಂಟ್‌ನಲ್ಲಿ, ಅದೇ ಎರಡನೆಯ ಕಾಲೇಜು ಬಂತು. ನನಗೆ ಕೋಡ್ ಒಂದೇ ಸಲಕ್ಕೆ ರನ್ ಆದಷ್ಟು ಖುಷಿ. ಊರಿಗೆ ಫೋನ್ ಮಾಡಿದೆ. ಅವಳು ಒಂದು ನಿಮಿಷ ಸುಮ್ಮನಿದ್ದು ಕೇಳಿದಳು, "ಅಣ್ಣ, ಅಲ್ಲಿ ದಿನಕ್ಕೆ ಎಷ್ಟು ಜನ ಪೇಷಂಟ್ ಬರ್ತಾರೆ?"

ನನ್ನ ಶೀಟಿನಲ್ಲಿ ಹದಿನಾಲ್ಕು ಕಾಲಂ ಇತ್ತು. ಪೇಷಂಟ್ ಅನ್ನೋ ಕಾಲಂ ಇರಲಿಲ್ಲ.

ಅವಳಿಗೆ ಇದನ್ನು ಹೇಳಿಕೊಟ್ಟಿದ್ದು ಅವಳ ಪಿಯು ಕಾಲೇಜಿನ ಸೀನಿಯರ್ ಒಬ್ಬಳು, ಆಗ ಬಿಡಿಎಸ್ ನಾಲ್ಕನೇ ವರ್ಷದಲ್ಲಿದ್ದವಳು. ಬಿಡಿಎಸ್ ಅಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲೆರಡು ವರ್ಷ ಅನಾಟಮಿ, ಫಿಸಿಯಾಲಜಿ, ಮೇಣದಲ್ಲಿ ಹಲ್ಲು ಕೆತ್ತೋದು, ಬೊಂಬೆ ತಲೆಯಲ್ಲಿ ಕೂರಿಸಿದ ಹಲ್ಲು ಕೊರೆಯೋದು. ಮೂರನೇ ವರ್ಷದಿಂದ ನಿಜವಾದ ರೋಗಿಗಳು. ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ಫಿಲ್ಲಿಂಗ್, ಇಷ್ಟು ಕಟ್ಟುಹಲ್ಲು ಮಾಡಿರಬೇಕು ಅಂತ ಲೆಕ್ಕ ಇರುತ್ತದೆ. ರೋಗಿಗಳೇ ಬಾರದ ಕಡೆ ವಿದ್ಯಾರ್ಥಿಗಳು ತಮ್ಮ ನೆಂಟರನ್ನು, ಹಾಸ್ಟೆಲ್ ಅಡುಗೆಯವರನ್ನು ಕರೆದುಕೊಂಡು ಬಂದು ಲೆಕ್ಕ ತುಂಬಿಸುತ್ತಾರಂತೆ.

ಇದು ಕೇಳಿದಾಗ ನನಗೆ ನನ್ನದೇ ಓದು ನೆನಪಾಯಿತು. 2012ರಲ್ಲಿ ನಾನು ಸಿಇಟಿ ಬರೆದಾಗ ಪಕ್ಕದ ಮನೆಯವರು ಹೇಳಿದ ಕಾಲೇಜು ಹಾಕಿದ್ದೆ. ಅಲ್ಲಿ ಪಾಠ ಅಷ್ಟಕ್ಕಷ್ಟೇ. ಆದರೂ ನಾನು ಬಚಾವಾದೆ, ಯಾಕಂದರೆ ನನ್ನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇತ್ತು, ಯೂಟ್ಯೂಬ್ ಇತ್ತು. ಕೋಡ್ ತಪ್ಪಾದರೆ ಅಳಿಸಿ ಇನ್ನೊಂದು ಸಲ ಬರೀಬಹುದು. ಹಲ್ಲು ಕೊರೆಯೋದನ್ನು ಯೂಟ್ಯೂಬ್ ನೋಡಿ ಕಲಿಯೋಕಾಗುತ್ತಾ? ಬೆರಳಿಗೆ ಎಷ್ಟು ಒತ್ತಡ ಬೇಕು ಅಂತ ಗೊತ್ತಾಗೋಕೆ ಎದುರಿಗೆ ಒಂದು ಬಾಯಿ ಬೇಕು, ಹಿಂದೆ ನೋಡ್ತಾ ನಿಂತಿರೋ ಮೇಷ್ಟ್ರು ಬೇಕು. ಎಂಜಿನಿಯರಿಂಗ್‌ನಲ್ಲಿ ಕಾಲೇಜು ಕೆಟ್ಟದಾದರೆ ಹುಡುಗ ಸರಿಮಾಡಿಕೊಳ್ಳಬಹುದು. ಇಲ್ಲಿ ಆ ದಾರಿ ಅಷ್ಟು ಸುಲಭವಿಲ್ಲ.

ಅಣಕು ಹಂಚಿಕೆ ಆದ ಮೇಲೆ ಆಯ್ಕೆಗಳನ್ನು ಬದಲಿಸೋಕೆ ಸ್ವಲ್ಪವೇ ಸಮಯ ಕೊಡುತ್ತಾರೆ. ಎರಡು ದಿನ ರಜೆ ಹಾಕಿದೆ. ಹೋಗಿ ನೋಡೋದು ಅಂತ ತೀರ್ಮಾನವಾಯಿತು. ಆದರೆ ಹೇಗೆ ನೋಡೋದು? ಆಡ್ಮಿಷನ್ ಅಂತ ಹೋದರೆ ಸೋಫಾ ಮೇಲೆ ಕೂರಿಸಿ ಬಣ್ಣದ ಪುಸ್ತಕ ಕೊಡುತ್ತಾರೆ. ಆಗ ತಂಗಿ ಹೇಳಿದಳು, "ಅಪ್ಪನ ದವಡೆ ಹಲ್ಲು ಆರು ತಿಂಗಳಿಂದ ನೋಯ್ತಾ ಇದೆಯಲ್ಲ, ಪೇಷಂಟ್ ಆಗೇ ಹೋಗೋಣ."

ಅಪ್ಪ ಗರಂ ಆದರು. "ನಾನು ಹಲ್ ತೋರ್ಸಕ್ಕೆ ಬೆಂಗಳೂರ್ಗಂಟ ಬರ್ಬೇಕಾ? ಗುಂಡ್ಲುಪೇಟೆಲಿ ಹಲ್ ಡಾಕ್ಟ್ರು ಇಲ್ವೇನ್ಲಾ?" ಆದರೂ ಬಂದರು.

ಗಾಜಿನ ಕಟ್ಟಡಕ್ಕೆ ಬೆಳಿಗ್ಗೆ ಹತ್ತಕ್ಕೆ ಹೋದೆವು. ಚೀಟಿ ಮಾಡಿಸೋಕೆ ಎರಡು ನಿಮಿಷ. ಒಳಗೆ ಸಾಲಾಗಿ ಹೊಚ್ಚ ಹೊಸ ಡೆಂಟಲ್ ಕುರ್ಚಿಗಳು, ಅರ್ಧಕ್ಕರ್ಧ ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲಿ. ಅಪ್ಪ ಕೂತ ತಕ್ಷಣ ನಾಲ್ಕು ಜನ ಹುಡುಗ ಹುಡುಗಿಯರು ಸುತ್ತ ನಿಂತರು. ಅಷ್ಟು ಮರ್ಯಾದೆ ಅಪ್ಪನಿಗೆ ಬೀಗರ ಮನೆಯಲ್ಲೂ ಸಿಕ್ಕಿರಲಿಲ್ಲ. "ಅಂಕಲ್, ನಾಳೆನೂ ಬನ್ನಿ, ಪ್ಲೀಸ್" ಅಂತ ಒಬ್ಬ ಹುಡುಗ ತನ್ನ ಫೋನ್ ನಂಬರ್ ಬರೆದುಕೊಟ್ಟ. ನಾವು ಅಲ್ಲಿದ್ದ ಎರಡು ಗಂಟೆಯಲ್ಲಿ ಬಂದ ರೋಗಿಗಳನ್ನು ತಂಗಿ ಎಣಿಸಿದಳು. ಹದಿನೇಳು.

ಮಾರನೇ ದಿನ ಇನ್ನೊಂದು ಊರು. ಅವಳ ಸೀನಿಯರ್ ಹೇಳಿದ ಕಾಲೇಜು, ನಮ್ಮೂರಿಂದ ಎರಡು ಬಸ್ ಬದಲಿಸಿ ಹೋಗಬೇಕು. ಕಟ್ಟಡ ಹಳೆಯದು, ಗೋಡೆಗೆ ಬಣ್ಣ ಹೊಡೆದು ಎಷ್ಟು ವರ್ಷವಾಗಿತ್ತೋ. ಹತ್ತೂವರೆಗೆ ಅಪ್ಪನ ಚೀಟಿ ನಂಬರ್ 143. ಬೆಂಚಿನ ತುಂಬ ಹಳ್ಳಿ ಜನ. ಕೆನ್ನೆಗೆ ಟವಲ್ ಕಟ್ಟಿಕೊಂಡವರು, ಅಳೋ ಮಕ್ಕಳು, ಹೊಸ ಹಲ್ಲಿನ ಸೆಟ್ಟಿಗೆ ಅಳತೆ ಕೊಡೋಕೆ ಬಂದ ಮುದುಕರು. ಪಕ್ಕದಲ್ಲಿ ಕೂತಿದ್ದ ಅಮ್ಮ ಒಬ್ಬರು ತಂಗಿಗೆ ಹೇಳಿದರು, "ಹುಡುಗ್ರು ಮಾಡ್ತಾರೆ, ಅದಕ್ಕೇ ತಡ. ಮೂರು ಸಲ ಓಡಾಡಿಸ್ತಾರೆ. ಆದ್ರೆ ಮೇಷ್ಟ್ರು ಬಂದು ನೋಡದೆ ಬಿಡಲ್ಲ."

ಅಪ್ಪನ ಹಲ್ಲು ನೋಡಿದ ಹುಡುಗಿ ಎಕ್ಸ್‌ರೇ ತೆಗೆಸಿ, ಏನೋ ಬರೆದುಕೊಂಡು ಹಿರಿಯ ಡಾಕ್ಟರನ್ನು ಕರೆದಳು. ಅವರು ನೋಡಿ, "ನೀನು ಬರೆದಿರೋದು ತಪ್ಪು. ಪಕ್ಕದ ಹಲ್ಲು ನೋಡು" ಅಂದರು. ನಮ್ಮೆದುರಿಗೇ. ಅವಳ ಮುಖ ಕೆಂಪಾಯಿತು. ಮತ್ತೆ ನೋಡಿದಳು, ಸರಿ ಮಾಡಿದಳು. ಆಮೇಲೆ ಆ ಡಾಕ್ಟರ್ ಅಪ್ಪನ ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ಎಲ್ಲ ಟಾರ್ಚ್ ಹಾಕಿ ನೋಡಿ, "ಹೊಗೆಸೊಪ್ಪು ಹಾಕ್ತೀರಾ?" ಅಂತ ಕೇಳಿದರು. ಹಲ್ಲುನೋವಿಗೆ ಬಂದವರಿಗೆ ಈ ಪ್ರಶ್ನೆ. ನಾನು ತಂಗಿಯ ಕಡೆ ನೋಡಿದೆ. ಅವಳು ಬೇರೆ ಕಡೆ ನೋಡ್ತಾ ಇದ್ದಳು, ಕಣ್ಣು ತುಂಬಿತ್ತು.

ರಾತ್ರಿ ಮನೆಗೆ ಬಂದಾಗ ಹನ್ನೊಂದು. ಅವ್ವನಿಗೆ ವಿಷಯ ಹೇಳಿದರೆ, "ಅಷ್ಟ್ ದೂರ ಯಾಕ್ ಕಳಿಸ್ಬೇಕು? ಮೈಸೂರಲ್ಲಾದ್ರೆ ವಾರಕ್ಕೊಂದ್ ಸಲ ಮನೆಗ್ ಬತ್ತಾಳೆ ಕನಪ್ಪ. ಇಲ್ಲಾಂದ್ರೆ ನಿನ್ ಜೊತೆಗಾದ್ರೂ ಇರ್ಲಿ" ಅಂದಳು. ನಾನೂ ದನಿ ಸೇರಿಸಿದೆ. ಹಾಸ್ಟೆಲ್ ಖರ್ಚು, ಸೇಫ್ಟಿ, ನಾನಿದ್ದರೆ ಸಹಾಯ ಅಂತೆಲ್ಲ. ತಂಗಿ ಜೋರು ಮಾತಾಡೋಳಲ್ಲ. ಮೆಲ್ಲಗೆ ಹೇಳಿದಳು, "ಅಣ್ಣ, ನಿನ್ ಶೀಟಲ್ಲಿ ನಿನ್ನ ಮನೆಯಿಂದ ಎಷ್ಟು ದೂರ ಅಂತ ಇದೆ. ನನಗೆ ಏನು ಬೇಕು ಅಂತ ಎಲ್ಲಿದೆ?"

ನಾನು ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿದೆ. ಪಾಸ್‌ವರ್ಡ್ ಅವಳೇ ಬದಲಿಸಿಕೊಂಡಳು.

ಕೌನ್ಸೆಲಿಂಗ್‌ಗೆ ಹೋಗುವವರು ಇಲ್ಲೊಂದು ವಿಷಯ ತಿಳಿದಿರಬೇಕು. ಜನ ಇದರಲ್ಲಿ ಏನೋ ತಂತ್ರ ಇದೆ, ಸಿಗೋದನ್ನೇ ಮೇಲೆ ಹಾಕಬೇಕು ಅಂತೆಲ್ಲ ಹೇಳುತ್ತಾರೆ. ತಂತ್ರ ಏನೂ ಇಲ್ಲ. ಸಾಫ್ಟ್‌ವೇರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, ಮೊದಲು ಖಾಲಿ ಸಿಕ್ಕಿದ್ದನ್ನು ಕೊಡುತ್ತದೆ. ಸಿಗದ ಕಾಲೇಜನ್ನು ಮೇಲೆ ಹಾಕಿದರೆ ನಷ್ಟವಿಲ್ಲ, ಮುಂದಿನದಕ್ಕೆ ಹೋಗುತ್ತದೆ. ಆದರೆ ಬೇಡದ ಕಾಲೇಜನ್ನು ಮೇಲೆ ಹಾಕಿ ಅದು ಸಿಕ್ಕಿಬಿಟ್ಟರೆ, ಅದರ ಕೆಳಗಿರುವುದನ್ನು ಯಾರೂ ನೋಡುವುದೇ ಇಲ್ಲ. ನಾನು ಮಾಡಿದ್ದು ಅದನ್ನೇ. ಕೋಡ್ ಬರೆಯೋನು ನಾನು, ಪಟ್ಟಿ ಸರಿ ಮಾಡಿದ್ದು ಅವಳು. ಒಂದು ಬೆಂಗಳೂರು ಸರ್ಕಾರಿ, ಎರಡು ಆ ಹಳೇ ಕಟ್ಟಡ, ಆಮೇಲೆ ಕೆಇಎ ಪಟ್ಟಿಯಲ್ಲಿದ್ದ ಮೈಸೂರಿನದು. ಗಾಜಿನ ಕಟ್ಟಡ ಏಳನೆಯದಾಯಿತು.

ಮೊದಲ ಸುತ್ತಿನಲ್ಲಿ ಎರಡನೆಯದು ಸಿಕ್ಕಿತು. ಚಾಯ್ಸ್ ಎರಡು ಒತ್ತಿದಳು. ಅಂದರೆ ಈ ಸೀಟು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಬಂದರೆ ಅದು, ಇಲ್ಲದಿದ್ದರೆ ಇದೇ. ಮೇಲಿನದು ಬರಲಿಲ್ಲ. ಫೀಸಿಗೆ ಅಪ್ಪನ ಈರುಳ್ಳಿ ದುಡ್ಡು, ಬ್ಯಾಂಕಿನ ಶಿಕ್ಷಣ ಸಾಲ, ನನ್ನ ಕಾರಿನ ಕನಸು ಮೂರೂ ಸೇರಿದವು. ಕಾರು ಇನ್ನೂ ಬಂದಿಲ್ಲ.

ಎಲ್ಲ ಸುಸೂತ್ರವಾಯಿತು ಅಂತ ಹೇಳಲಾರೆ. ಮೊದಲ ವರ್ಷ ಹಾಸ್ಟೆಲ್ ಊಟ ಸೇರದೆ ಆರು ಕೆಜಿ ಇಳಿದಳು. ಉಪಕರಣಗಳಿಗೆ, ಮೇಣಕ್ಕೆ, ಬೊಂಬೆ ಹಲ್ಲುಗಳಿಗೆ ಆಗೋ ಖರ್ಚನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೆಂಗಳೂರಿನಲ್ಲಿ ರಸ್ತೆಗೆರಡು ಡೆಂಟಲ್ ಕ್ಲಿನಿಕ್ ಇವೆ, ಹೊಸ ಬಿಡಿಎಸ್‌ಗಳಿಗೆ ಸಂಬಳ ಕಮ್ಮಿ ಅನ್ನೋದು ಅವಳಿಗೂ ಗೊತ್ತು. ಎಂಡಿಎಸ್ ಮಾಡಬೇಕೆಂದರೆ ಮತ್ತೆ ನೀಟ್, ಮತ್ತೆ ಮೂರು ವರ್ಷ. "ನಮ್ಮ ತಾಲ್ಲೂಕಲ್ಲಿ ಎಷ್ಟು ಹಳ್ಳಿ ಇದೆ ಅಣ್ಣ, ಅಲ್ಲಿ ರಸ್ತೆಗೆರಡು ಇದೆಯಾ?" ಅಂತಾಳೆ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ನಿಮ್ಮ ಮನೆಯಲ್ಲೂ ತಮ್ಮನೋ ತಂಗಿಯೋ ಈ ವರ್ಷ ಡೆಂಟಲ್ ಅನ್ನುತ್ತಿದ್ದರೆ, ನಾನು ಕಲಿತದ್ದು ಇಷ್ಟು. ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ಮೊದಲು ನೋಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆಲ್ಲ ಪಠ್ಯ, ಪರೀಕ್ಷೆ, ಡಿಗ್ರಿ ಒಂದೇ. ಬೇರೆಯಾಗೋದು ಕುರ್ಚಿ ಮೇಲೆ ಕೂರೋ ಜನ. ಹಾಗಾಗಿ ವಾರದ ಮಧ್ಯದ ದಿನ ಒಪಿಡಿಯಲ್ಲಿ ಎರಡು ಗಂಟೆ ಕೂತು ಬನ್ನಿ. ಇಂಟರ್ನ್‌ಗಳನ್ನು ಕ್ಯಾಂಟೀನ್‌ನಲ್ಲಿ ಮಾತಾಡಿಸಿ, ಪ್ರಿನ್ಸಿಪಾಲರ ರೂಮಿನಲ್ಲಲ್ಲ. ಫೀಸಿನ ಜೊತೆ ಉಪಕರಣ, ಹಾಸ್ಟೆಲ್, ಪರೀಕ್ಷಾ ಶುಲ್ಕ ಕೂಡಿಸಿ ಐದು ವರ್ಷದ ಮೊತ್ತ ನೋಡಿ. ಹಳ್ಳಿಗಳಿಗೆ ಹೋಗಿ ಕ್ಯಾಂಪ್ ಮಾಡ್ತಾರಾ ಕೇಳಿ. ಮತ್ತೆ, ಪಾಸ್‌ವರ್ಡ್ ಓದೋರ ಕೈಯಲ್ಲೇ ಇರಲಿ.

ಈಗ ಅವಳು ಮೂರನೇ ವರ್ಷ. ಈ ಸಂಕ್ರಾಂತಿಗೆ ಊರಿಗೆ ಬಂದಾಗ ಬ್ಯಾಗಿನಲ್ಲಿ ಪುಟ್ಟ ಕನ್ನಡಿ, ಟಾರ್ಚು ಇತ್ತು. ಎಳ್ಳು ಬೀರೋಕೆ ಹೋದ ಕಡೆಯೆಲ್ಲ ಅಜ್ಜಿಯ ಜೊತೆಗಾತಿಯರನ್ನು ಜಗುಲಿ ಮೇಲೆ ಕೂರಿಸಿ ಬಾಯಿ ತೆಗೆಸಿದಳು. ಪಕ್ಕದ ಬೀದಿಯ ಒಬ್ಬರು ಅಮ್ಮನ ಕೆನ್ನೆಯಲ್ಲಿ ಬಿಳಿ ಮಚ್ಚೆ ಕಂಡಿತು. "ನಾನಿನ್ನೂ ಓದ್ತಾ ಇರೋಳು, ಏನು ಅಂತ ಹೇಳಲ್ಲ. ಆದ್ರೆ ಮೈಸೂರಿಗೆ ಹೋಗಿ ತೋರಿಸ್ಲೇಬೇಕು" ಅಂತ ಹಟ ಹಿಡಿದು ಅವರ ಮಗನ ಜೊತೆ ಕಳಿಸಿದಳು. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರಂತೆ. ಭಯಪಡೋಂಥದ್ದು ಏನೂ ಇಲ್ಲ, ಹೊಗೆಸೊಪ್ಪು ಬಿಡಿ, ಆಗಾಗ ಬಂದು ತೋರಿಸಿ ಅಂತ ಹೇಳಿ ಕಳಿಸಿದರಂತೆ.

ಆ ಅಮ್ಮ ಮನೆಗೆ ಬಂದು ಅವ್ವನ ಹತ್ತಿರ ಗೊಣಗಿದರು. "ನಿನ್ ಮಗ್ಳಿಂದ ಸುಮ್ನೆ ದುಡ್ ದಂಡ ಆಯ್ತು ಕನವ್ವ, ಏನೂ ಇಲ್ವಂತೆ. ಮ್ಯಾಕ್ಕೆ ಹೊಗೆಸೊಪ್ಪೂ ಇಲ್ಲ."

ಅವ್ವ ಅದನ್ನು ಫೋನಿನಲ್ಲಿ ತಂಗಿಗೆ ಹೇಳಿದಳು. ನಾನೂ ಲೈನ್‌ನಲ್ಲಿದ್ದೆ. ಆ ಕಡೆಯಿಂದ ಅವಳು ನಕ್ಕಿದ್ದು ಕೇಳಿಸಿತು. "ಬೈಲಿ ಬುಡವ್ವ" ಅಂದಳು. "ಬೈಯೋಕೆ ಬಾಯಿ ಚೆನ್ನಾಗಿದೆಯಲ್ಲ, ಅಷ್ಟು ಸಾಕು."